ಆಯಿ ಎಂಬ ಪದಕ್ಕೊಂದು ಅಡಿಟಿಪ್ಪಣಿ

ಜನವರಿ ೧೧, ೧೯೭೩, ಗುರುವಾರ

ಸ್ಟಾಫ್‌ರೂಮಿನ ನೋಟಿಸ್ ಬೋರ್ಡಿನ ಮೇಲೆ ಇವತ್ತು ಹಚ್ಚಿದ್ದಾರೆ. ವಿಚಾರ ಸಂಕಿರಣ, ಇದೇ ತಿಂಗಳು ಇಪ್ಪತ್ತೇಳಕ್ಕೆ. 'ಮಲಾಡಿನ ಕಲ್ಲುಗಣಿಗಳ ಕನ್ನಡ ಕೂಲಿಕಾರರು: ವಲಸೆಯ ಕಾಲನಿರ್ಣಯ.' ಕೆಳಗೆ ಒಂದೇ ಹೆಸರು. ಪ್ರೊಫೆಸರ್ ಖಾಂಬೇಟೆ, ಇತಿಹಾಸ ವಿಭಾಗದ ಮುಖ್ಯಸ್ಥರು.

ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಕೈಯಲ್ಲಿದ್ದ ಚಾಕ್ ಡಬ್ಬಿ ಬಿತ್ತು.

ಆ ಕೂಲಿಕಾರರ ಒಂದು ಮಾತೂ ಅವರಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ನೀರು ಕೇಳಿದರೆ ಬಾಗಿಲು ತೋರಿಸುವವರು. ಹೋದ ಬೇಸಿಗೆಯ ಒಂಬತ್ತು ರವಿವಾರ ಘಾಟ್ಕೋಪರಿನಿಂದ ದಾದರ್, ದಾದರಿನಿಂದ ಮಲಾಡ್, ಅಲ್ಲಿಂದ ಗಣಿಯ ತನಕ ಧೂಳಿನಲ್ಲಿ ನಡೆದವಳು ನಾನು. ಶೈಲಾ ಆಗ ಐದು ತಿಂಗಳ ಕೂಸು, ಮನೆಯಲ್ಲಿ ಅತ್ತೆಯ ಹತ್ತಿರ. ಹಾಲು ಕಟ್ಟಿ ಎದೆ ಕಲ್ಲಾಗಿ, ರವಿಕೆ ಒದ್ದೆಯಾಗಿ, ಸೆರಗು ಮುಚ್ಚಿಕೊಂಡು ಕೂತು ಹನ್ನೊಂದು ಹೆಂಗಸರ ಮಾತು ಬರೆದುಕೊಂಡವಳು ನಾನು. ಇಂಗ್ಲಿಷಿಗೆ ತಿರುಗಿಸಿ, ಟೈಪು ಮಾಡಿ, ಎಂಬತ್ನಾಲ್ಕು ಪುಟ ಅವರ ಮೇಜಿನ ಮೇಲೆ ಇಟ್ಟವಳೂ ನಾನೇ. ಒಟ್ಟಿಗೆ ಬರೆಯೋಣ ಎಂದಿದ್ದರು. ಎಂದಿದ್ದರೋ, ನಾನೇ ಹಾಗೆ ತಿಳಿದುಕೊಂಡೆನೋ? ಇಲ್ಲ. ಎಂದಿದ್ದರು.

ಮನೆಯಲ್ಲಿ ಇವರಿಗೆ ಹೇಳಿದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ, "ಮಾರ್ಚಿನ್ಯಾಗ ನಿನ್ನ ಕನ್‌ಫರ್ಮೇಶನ್ ಐತಿ, ಗಂಗಾ. ರಿಪೋರ್ಟ್ ಬರಿಯಾವ್ರು ಅವ್ರ. ಅಲ್ಲೀತನಕ ಸುಮ್ಮಿರು," ಎಂದರು. ಟೆಂಪರರಿ ಎಂಬ ಪದದೊಳಗೆ ಮೂರು ವರ್ಷ ಸುಮ್ಮನೇ ಇದ್ದೇನೆ. ಇನ್ನೆಷ್ಟು ಸುಮ್ಮನಿರುವುದು?

ಜನವರಿ ೧೨

ನಿದ್ದೆಯಿಲ್ಲ. ಶೈಲಾಳ ಕೆಮ್ಮು, ನನ್ನ ಸಿಟ್ಟು. ಯಾವುದು ಯಾವುದನ್ನು ಎಬ್ಬಿಸುತ್ತದೋ. ಲೋಕಲಿನಲ್ಲಿ ನಿಂತೇ ಗೀಚುತ್ತಿದ್ದೇನೆ. ಮಾಹಿಮ್ ಬರುವಷ್ಟರಲ್ಲಿ ನನ್ನ ತಲೆಯೊಳಗೆ ಅವಳಿಗೆ ನ್ಯುಮೋನಿಯಾ ಆಗಿತ್ತು, ಬಾಂದ್ರಾದಲ್ಲಿ ನನ್ನ ಕೆಲಸ ಹೋಗಿತ್ತು, ಖಾರ್ ದಾಟುವಾಗ ತಾಯಿ ಮಗಳು ಬೀದಿಯಲ್ಲಿದ್ದೆವು. ಪಾರ್ಲೆಯಲ್ಲಿ ಇಳಿದು ಮೊಘಲರ ಕಂದಾಯ ಪದ್ಧತಿ ಪಾಠ ಮಾಡಬೇಕು.

ಜನವರಿ ೧೬, ಮಂಗಳವಾರ

ಕೇಳಿಯೇಬಿಟ್ಟೆ.

"ಅಹೋ ಇಂಡಿ ಬಾಯಿ, ಬಸಾ ಬಸಾ," ಎಂದು ಖಾಂಬೇಟೆ ಸರ್ ಕುರ್ಚಿ ತೋರಿಸಿದರು. ಕೂತೆ. ಮಗು ಹೇಗಿದೆ ಎಂದು ಕೇಳಿದರು. ಇಷ್ಟು ಸಣ್ಣ ಮಗು ಕಟ್ಟಿಕೊಂಡು ಸಂಶೋಧನೆ ಎಂದರೆ ಸುಲಭವಲ್ಲ, ಆರೋಗ್ಯ ನೋಡಿಕೊಳ್ಳಿ ಎಂದರು. ಆಮೇಲೆ ಡ್ರಾಯರಿನಿಂದ ಲೇಖನ ತೆಗೆದು ಕೊನೆಯ ಪುಟ ತೋರಿಸಿದರು. 'ಲಿಪಿಕಾರ್ಯದಲ್ಲಿ ನೆರವಾದ ಮಿಸೆಸ್ ಇಂಡಿ ಅವರಿಗೆ ಕೃತಜ್ಞತೆಗಳು.'

ಲಿಪಿಕಾರ್ಯ!

"ಕಚ್ಚಾ ಮಾಲು ಯಾರಾದರೂ ಹೊತ್ತು ತರಬಹುದು, ಬಾಯಿ. ಅದರಿಂದ ವಾದ ಕಟ್ಟುವುದು ಇತಿಹಾಸ."

ನಾನು ಏನೆಂದೆ? "ಥ್ಯಾಂಕ್ಯೂ ಸರ್" ಎಂದೆ. ಎದ್ದು ಬಂದೆ.

ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳುವ ರೂಢಿ ನನಗಿಲ್ಲ. ಇವತ್ತು ಹಿಟ್ಟು ನಾದುತ್ತ ಬಾಯಿಗೆ ಬಂತು. ಅತ್ತೆ ಪೂರ್ತಿ ಕೇಳಿ, "ಏನಂತ ಕರೀತಾನ ನಿನ್ನ ಆ ಮಾಸ್ತರ?" ಎಂದರು.

"ಬಾಯಿ ಅಂತಾರ. ಮರಾಠಿಯೊಳಗ ಹೆಣ್ಮಕ್ಕಳಿಗೆ ಮರ್ಯಾದಿಗೆ ಹಂಗ ಅಂತಾರ್ರೀ."

"ಚಲೋ ಮರ್ಯಾದಿ! ಬಾಯಿ ಅಂತ ಕರಿಯೂದು, ಬಾಯಿ ಮಾತ್ರ ತೆಗಿಯಾಕ ಬಿಡೂದಲ್ಲ."

ನಗು ಬಂತು. ಆಮೇಲೆ ಸಿಟ್ಟೂ ಬಂತು. ವಿಜಾಪುರದಿಂದ ಸಹಿ ಕೂಡ ಕಲಿಯದೆ ಬಂದ ಅತ್ತೆ ಬಸಲಿಂಗವ್ವನಿಗೆ ತಟ್ಟನೆ ಹೊಳೆದದ್ದು ಎಂ.ಎ. ಮಾಡಿದ ನನಗೆ ಆ ಕುರ್ಚಿಯಲ್ಲಿ ಏಕೆ ಹೊಳೆಯಲಿಲ್ಲ?

ಜನವರಿ ೨೭, ಶನಿವಾರ

ಪಾರ್ಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೇನೆ. ಎರಡು ಗಾಡಿ ಬಿಟ್ಟೆ.

ಸಂಕಿರಣ ಮುಗಿಯಿತು. ನಾನು ಕೊನೆಯ ಸಾಲಿನಲ್ಲಿದ್ದೆ. ಖಾಂಬೇಟೆ ಸರ್ ಚೆನ್ನಾಗಿ ಓದುತ್ತಾರೆ, ಅದನ್ನು ಒಪ್ಪಬೇಕು. ಮೂರನೆಯ ಭಾಗಕ್ಕೆ ಬಂದಾಗ ಧ್ವನಿ ತಗ್ಗಿಸಿ, ಏಳನೆಯ ಮಾಹಿತಿದಾರಳ ಮಾತು ಎತ್ತಿಕೊಂಡರು. ಏಳನೆಯವಳು ಎಂದರೆ ಭಾಗವ್ವ. ಹೆಸರು ಬೇಡ, ನಂಬರು ಹಾಕಿ ಎಂದವರು ಅವರು, ಹಾಕಿದವಳು ನಾನು. ಭಾಗವ್ವ ನನಗೆ ಹೇಳಿದ್ದು ಹೀಗೆ: "ದೊಡ್ಡ ಬ್ಯಾನಿ ವರ್ಷ ನಮ್ಮ ಆಯಿ ಬಂದ್ಲು, ಬಗಲಾಗ ಕೂಸು. ಎಲ್ಲಾರೂ ಊರು ಬಿಟ್ಟು ಓಡತಿದ್ರಂತ, ಆಕಿ ಒಬ್ಬಾಕಿನ ಒಳಗ ಬಂದ್ಲಂತ."

ಸರ್ ಅದನ್ನು ಇಂಗ್ಲಿಷಿನಲ್ಲಿ ಓದಿ ಒಂದು ಕ್ಷಣ ನಿಂತರು. ಆಮೇಲೆ ಬಿಡಿಸಿ ಹೇಳಿದರು: ಆಯಿ, ಎಂದರೆ ಇವಳ ತಾಯಿ. ಬಗಲಲ್ಲಿದ್ದ ಕೂಸು ಈಕೆಯೇ. ಈಕೆಗೆ ಈಗ ಸುಮಾರು ಐವತ್ತೈದು. ಹಾಗಾದರೆ ದೊಡ್ಡ ಬೇನೆ ೧೯೧೮ರ ಇನ್‌ಫ್ಲುಯೆಂಜಾ. ಹಾಗಾದರೆ ಕನ್ನಡ ಕೂಲಿಕಾರರು ಈ ಗಣಿಗಳಿಗೆ ಬಂದದ್ದು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಅದಕ್ಕೂ ಮೊದಲಲ್ಲ.

ಚಪ್ಪಾಳೆ. ಮುಂದಿನ ಸಾಲಿನಲ್ಲಿ ಯಾರೋ ಬರೆದುಕೊಂಡರು.

ಆಯಿ ಎಂದರೆ ತಾಯಿಯಂತೆ! ಮರಾಠಿಯಲ್ಲಿ ಹೌದು. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಬಗಲ ಕೂಸು ಭಾಗವ್ವನ ತಾಯಿ. ದೊಡ್ಡ ಬೇನೆ ಎಂದರೆ ಪ್ಲೇಗು. ಊರಿಗೆ ಊರೇ ಖಾಲಿಯಾದ ೧೮೯೬, ೯೭. ಒಂದು ತಲೆಮಾರು, ಇಪ್ಪತ್ತೆರಡು ವರ್ಷ, ಒಂದೇ ಪದದ ಕೆಳಗೆ ಹೂತುಹೋಯಿತು.

ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದರು. ನನ್ನ ಕೈ ಮೇಲೆದ್ದಿತು. ಎದ್ದ ಕೈ ಹೇರ್‌ಪಿನ್ ಸರಿಮಾಡಿಕೊಂಡು ಕೆಳಗಿಳಿಯಿತು.

ಇನ್ನೊಂದು ಮಾತು ಬರೆಯಬೇಕು, ಬರೆಯಲು ಮನಸ್ಸಿಲ್ಲ. ನನ್ನ ಟೈಪು ಪ್ರತಿಯ ನಲವತ್ತೊಂದನೆಯ ಪುಟದಲ್ಲಿ ಆಯಿ ಎಂದೇ ಇದೆ. ಅರ್ಥ ಕೊಟ್ಟಿಲ್ಲ. ಕೊಡಬೇಕೆಂದು ತೋಚಿರಲೇ ಇಲ್ಲ. ಆಯಿ ಎಂದರೆ ಆಯಿ. ಇಂಡಿಯಲ್ಲಿ ಹುಟ್ಟಿದವಳಿಗೆ ಅದನ್ನೂ ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಆ ಪುಟ ಟೈಪು ಮಾಡುವಾಗ ಶೈಲಾ ತೊಡೆಯ ಮೇಲೆ ಕೂತು ರಿಬ್ಬನ್ ಎಳೆಯುತ್ತಿದ್ದಳು. ಆದರೂ ಕೇಳಬಹುದಿತ್ತಲ್ಲ ಅವರು? ಒಂದು ಮಾತು ಕೇಳಿದ್ದರೆ ಹೇಳುತ್ತಿರಲಿಲ್ಲವೇ?

ಜನವರಿ ೨೮, ರವಿವಾರ

ಇವರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಲೋ ಆತು ಬಿಡು. ನಿನ್ನ ಹೆಸರಿಲ್ಲಲ್ಲ ಅದರಾಗ. ಅವ್ರ ತಪ್ಪು ಅವ್ರ ಹೆಸರಿಗೇ ಇರ್ಲಿ."

ಅರ್ಧ ದಿನ ನಾನೂ ಹಾಗೇ ಸಂತೋಷಪಟ್ಟೆ. ಎಂದಾದರೂ ಧಾರವಾಡದ ಯಾರೋ ಒಬ್ಬರು ಆ ಲೇಖನ ಓದಿ ನಗುತ್ತಾರೆ, ಆಗ ಸರ್ ಮುಖ ನೋಡಬೇಕು ಎಂದುಕೊಂಡು ತೊಗರಿಬೇಳೆ ಹೊತ್ತಿಸಿದೆ. ಸಂಜೆಗೆ ಸಂತೋಷ ಹುಳಿಯಾಯಿತು. ಧಾರವಾಡದವರು ಓದದಿದ್ದರೆ? ಓದುವುದಿಲ್ಲ. ಯಾರೂ ಓದುವುದಿಲ್ಲ. ತಪ್ಪು ಹಾಗೇ ಅಚ್ಚಾಗಿ, ಅದನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ.

ಮುಂದಿನ ರವಿವಾರ ಮಲಾಡಿಗೆ ಹೋಗಿ ಖಚಿತ ಮಾಡಿಕೊಳ್ಳಬೇಕು. ಅತ್ತೆ ನಾನೂ ಬರತೀನಿ ಎನ್ನುತ್ತಿದ್ದಾರೆ. ಬೇಡವೆಂದರೆ ಕೇಳುವವರಲ್ಲ.

ಫೆಬ್ರವರಿ ೪, ರವಿವಾರ

ಶೈಲಾಳನ್ನೂ ಎತ್ತಿಕೊಂಡು ಹೋಗಿದ್ದೆವು. ಅವಳಿಗೆ ಧೂಳು ತಾಗೀತು, ನೀರು ಆಗದೇ ಇದ್ದೀತು ಎಂದು ಎರಡು ಬಾಟಲಿ ಕುದಿಸಿದ ನೀರು ಹೊತ್ತಿದ್ದೆ. ಹೋಗಿ ಐದು ನಿಮಿಷಕ್ಕೆ ಅವಳು ಭಾಗವ್ವನ ಗುಡಿಸಲ ಮುಂದೆ ಜಲ್ಲಿಕಲ್ಲಿನಲ್ಲಿ ಆಡುತ್ತಿದ್ದಳು. ಬಾಟಲಿ ಎಲ್ಲಿ ಇಟ್ಟೆನೋ ಗೊತ್ತಿಲ್ಲ.

"ಬಂದಿಯವಾ, ಬರಿಯಾಕಿ?" ಎಂದಳು ಭಾಗವ್ವ. "ಹ್ವಾದ ವರ್ಷ ಬರಕೊಂಡು ಹೋಗಿದ್ದು ಖರ್ಚಾತೇನ?"

ಅತ್ತೆ ಆಗಲೇ ಒಳಗೆ ಹೋಗಿ ಕೂತಾಗಿತ್ತು. ಯಾವೂರು, ಯಾರ ಪೈಕಿ, ಸಿಂದಗಿಯೋ ಇಂಡಿಯೋ ಎಂದು ಒಂದು ಸುತ್ತು ಮುಗಿದಿತ್ತು. ನಾನು ನೋಟ್‌ಬುಕ್ ತೆರೆದು ಪ್ರಶ್ನೆ ಜೋಡಿಸಿಕೊಳ್ಳುವುದರೊಳಗೆ ಅವರು ಕೇಳಿದರು: "ನಿಮ್ಮ ಆಯಿ ಹೆಸರೇನವಾ?"

"ರಾಚವ್ವ."

ನನ್ನ ಪೆನ್ನು ನಿಂತಿತು. ಎಂಬತ್ನಾಲ್ಕು ಪುಟ, ಹನ್ನೊಂದು ಹೆಂಗಸರು. ಯಾರ ಆಯಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಕೂಲಿ ಎಷ್ಟು, ಗಣಿ ಯಾರದು, ಬಂದ ಹಾದಿ ಯಾವುದು, ಎಲ್ಲ ಕೇಳಿದ್ದೆ.

"ಬಗಲಾಗಿನ ಕೂಸು ಯಾರ್ರೀ, ನೀವೇನ?" ಎಂದೆ.

ಭಾಗವ್ವ ಎಲೆಯಡಿಕೆ ಉಗುಳಿ ಬಂದು ನಕ್ಕಳು. "ನಾ ಇನ್ನಾ ಎಲ್ಲಿ ಹುಟ್ಟಿದ್ದೆ! ಕೂಸಂದ್ರ ನಮ್ಮವ್ವ, ಸಂಗವ್ವ. ಯಾರವಾ ನನ್ನ ಒಯ್ದು ನಮ್ಮ ಆಯಿ ಬಗಲಾಗ ಕುಂಡರಿಸಿದಾಂವ?"

"ನಮ್ಮ ಕಾಲೇಜಿನ ದೊಡ್ಡ ಸರ್."

"ಅಂವಗ ಹೇಳು, ನಾ ಅಲ್ಲಿ ಕುಂತಿದ್ರ ಆಕಿ ಸೊಂಟಾ ಮುರೀತಿತ್ತಂತ."

ಆಮೇಲೆ ತಾನಾಗಿಯೇ ಹೇಳಿದಳು. ಬೋರಿಬಂದರ ಸ್ಟೇಶನ್ನಿನಲ್ಲಿ ಜನ ಗಾಡಿಗೆ ಜೋತುಬಿದ್ದು ಊರು ಬಿಡುತ್ತಿದ್ದರಂತೆ. ರಾಚವ್ವ ಅಷ್ಟೂ ಜನರ ಎದುರಿನಿಂದ ನುಗ್ಗಿ ಬರುತ್ತಿದ್ದಳಂತೆ. ಪೊಲೀಸನೊಬ್ಬ ಅಡ್ಡ ನಿಂತು, ಏ ಹುಚ್ಚಿ, ಎಲ್ಲಾರೂ ಸಾಯ್ತೀವಂತ ಓಡಾಕತ್ತಾರ, ನೀ ಎಲ್ಲಿಗೆ ಹೊಂಟಿ ಎಂದನಂತೆ. "ಅದಕ್ಕ ನಮ್ಮ ಆಯಿ ಅಂದ್ಲಂತ, ಇಷ್ಟ ಮಂದಿ ಹೋದ್ರಂದ್ರ ಒಳಗ ಕೆಲಸ ಖಾಲಿ ಇರಬೇಕಲ್ಲೋ ಯಪ್ಪಾ!"

ಹನುಮವ್ವ ಎಂಬ ಪಕ್ಕದ ಗುಡಿಸಲಿನವಳು, ನಮ್ಮ ಆಯಿನೂ ಅದ ವರ್ಷದಾಕಿ ಎನ್ನುತ್ತ ಬಂದಳು. ಬರೆದುಕೊಂಡೆ. ಈ ಸಲ ಮೊದಲು ಹೆಸರು.

ಫೆಬ್ರವರಿ ೬, ಮಂಗಳವಾರ

ಸರ್‌ಗೆ ಹೇಳಿದೆ. ನಿಂತೇ ಹೇಳಿದೆ.

ಅವರು ಮೂರ್ಖರಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ. ಒಂದು ನಿಮಿಷದಲ್ಲಿ ಪೂರ್ತಿ ತಿಳಿಯಿತು ಅವರಿಗೆ. ಕನ್ನಡಕ ತೆಗೆದು ಮೂಗು ಒತ್ತಿಕೊಂಡರು.

"ಲೇಖನ ಗಿರಗಾಂವಿನ ಪ್ರೆಸ್ಸಿಗೆ ಹೋಯಿತು, ಬಾಯಿ. ಕಂಪೋಸ್ ಕೂಡ ಆಗಿದೆ."

"ತಿದ್ದಬಹುದಲ್ಲ ಸರ್?"

"ತಿದ್ದಿದರೆ ಉಳಿಯುವುದೇನು? ವಾದ ನಿಂತದ್ದೇ ಅದರ ಮೇಲೆ."

ಜವಾನ ಚಹಾ ತಂದ. ಸರ್ ತಮ್ಮ ಕಪ್ಪನ್ನು ನನ್ನ ಕಡೆ ಸರಿಸಿದರು. ಮೂರು ವರ್ಷದಲ್ಲಿ ಮೊದಲ ಸಲ. ಆಮೇಲೆ ಮೆತ್ತಗೆ ಶುರುಮಾಡಿದರು. ಭಾಷೆ ಎನ್ನುವುದು ಊರು ಬದಲಾದಂತೆ ಬದಲಾಗುತ್ತದೆ ಅಲ್ಲವೇ? ಒಂದು ಅಡಿಟಿಪ್ಪಣಿ ಹಾಕಿದರಾಯಿತು. 'ದೀರ್ಘಕಾಲ ಮುಂಬಯಿಯಲ್ಲಿ ನೆಲೆಸಿದ ಈ ಕೂಲಿಕಾರರ ಮಾತಿನಲ್ಲಿ, ಮರಾಠಿಯಲ್ಲಿರುವಂತೆ, ಆಯಿ ಎಂದರೆ ತಾಯಿ.' ಕೆಳಗೆ ನನ್ನ ಸಹಿ.

"ಇಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. ನೀವು ಹೇಳಿದಿರಿ ಎಂದರೆ ಮುಗಿಯಿತು. ಮತ್ತೆ, ಇಷ್ಟು ಕೆಲಸ ಮಾಡಿದ ಮೇಲೆ ಲೇಖನದ ಮೇಲೆ ನಿಮ್ಮ ಹೆಸರೂ ಬರಬೇಕಾದದ್ದೇ. ಪ್ರೂಫಿನಲ್ಲಿ ಸೇರಿಸುತ್ತೇನೆ. ಮಾರ್ಚಿನ ರಿಪೋರ್ಟೂ ಈ ವಾರವೇ ಬರೆದುಬಿಡುತ್ತೇನೆ."

"ಇಲ್ಲದಿದ್ದರೆ, ಸರ್?"

"ಇಲ್ಲದಿದ್ದರೆ ಏನೂ ಇಲ್ಲ. ಏಪ್ರಿಲ್ ಹದಿನಾಲ್ಕಕ್ಕೆ ನಿಮ್ಮ ಅವಧಿ ಮುಗಿಯುತ್ತದೆ, ಅಷ್ಟೆ."

ದೀರ್ಘಕಾಲವಂತೆ! ಅವರ ಲೇಖನದ ಪ್ರಕಾರ ಈ ಕೂಲಿಕಾರರು ತಡವಾಗಿ ಬಂದವರು. ಅವರ ಟಿಪ್ಪಣಿಯ ಪ್ರಕಾರ ಮಾತೇ ಮರೆಯುವಷ್ಟು ಹಳಬರು. ಇದು ಹೊಳೆದದ್ದು ದಾದರ್ ಸೇತುವೆ ಹತ್ತುವಾಗ. ಆಗ ಚೀಲದಲ್ಲಿ ಆ ವಾಕ್ಯ ನನ್ನದೇ ಅಕ್ಷರದಲ್ಲಿ ಇತ್ತು. ಅವರು ಹೇಳುತ್ತ ಹೋದ ಹಾಗೆ ಬರೆದುಕೊಂಡಿದ್ದೆ.

ಫೆಬ್ರವರಿ ೭

ಪೂರ್ತಿ ಸುಳ್ಳೇನೂ ಅಲ್ಲವಲ್ಲ. ನಮ್ಮ ಚಾಳಿನಲ್ಲೇ ಹುಟ್ಟಿದ ಕನ್ನಡದ ಮಕ್ಕಳು ಅವ್ವನನ್ನು ಆಯಿ ಎಂದು ಕರೆಯುವುದುಂಟು. ಗಣಿಯಲ್ಲೂ ಹಾಗೆ ಕರೆಯುವವರು ಇದ್ದಾರು. 'ಕೆಲವರ ಮಾತಿನಲ್ಲಿ' ಎಂದು ಸೇರಿಸಿದರೆ?

ಪರ್ಮನೆಂಟ್ ಆದರೆ ಶೈಲಾಳನ್ನು ಒಳ್ಳೆಯ ಡಾಕ್ಟರಿಗೆ ತೋರಿಸಬಹುದು. ಲೇಖನದ ಮೇಲೆ ಜಿ. ಎ. ಇಂಡಿ. ಬರೆದು ನೋಡಿದೆ, ಚೆನ್ನಾಗಿ ಕಾಣುತ್ತದೆ.

ಫೆಬ್ರವರಿ ೧೦, ಶನಿವಾರ

ಇವರಿಗೆ ಒಪ್ಪಿಗೆ. "ಒಂದು ಶಬ್ದಕ್ಕ ಯಾಕ ಇಷ್ಟು? ನಿನಗ ಬೇಕಾದ್ದ ಬಂತಲ್ಲ." ಹೌದು, ಬೇಕಾದದ್ದೇ ಬಂದಿದೆ. ಆದರೂ ಇವರ ಮೇಲೆ ರೇಗಿದೆ. ಬಾಗಿಲು ಹಾಕಿದ ಸದ್ದಿಗೆ ಶೈಲಾ ಎದ್ದಳು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಏನದು ಜಗಳ ಎಂದರು. ಹೇಳಿದೆ. ಇನ್ನು ಮೇಲೆ ಆಯಿ ಎಂದರೆ ಅವ್ವ ಎಂದು ಬರೆದು ಸಹಿ ಹಾಕಬೇಕಂತೆ ಎಂದೆ. ಬಡಿಯುತ್ತಿದ್ದ ಕೈ ನಿಂತಿತು.

"ಆಯಿ ಅಂದ್ರ ಅವ್ವ ಆದ್ರ," ಎಂದರು, "ನಾ ಯಾರಾದೆ?"

ತವೆಯ ಮೇಲಿನ ರೊಟ್ಟಿ ಕಪ್ಪಾಯಿತು. ಹದಿನೈದು ತಿಂಗಳಿಂದ ನನ್ನ ಮಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುವ ಹೆಂಗಸು. ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಹೋದ ವರ್ಷ ಅವರ ಬಗ್ಗೆ ಬರೆದದ್ದೆಲ್ಲ ದೂರು. ಎರಡು ಪುಟ ಹರಿದುಹಾಕಿದೆ.

ಫೆಬ್ರವರಿ ೧೬, ಶುಕ್ರವಾರ

ಪ್ರೂಫ್ ಕೈಗೆ ಬಂತು. ಮೇಲೆ ಎರಡು ಹೆಸರು. ಸರ್ ಇವತ್ತು ಪುಣೆಗೆ ಹೊರಟರು, ತಿರುಗಿ ಬರುವುದು ಸೋಮವಾರ. "ಟಿಪ್ಪಣಿ ಬರೆದು ನೀವೇ ಪ್ರೆಸ್ಸಿಗೆ ಕೊಟ್ಟುಬಿಡಿ, ಬಾಯಿ. ಅದಕ್ಕಾಗಿಯೇ ನಿಲ್ಲಿಸಿಕೊಂಡಿದ್ದಾರೆ." ನೋಡಿ ಎಂದೂ ಹೇಳಲಿಲ್ಲ, ಎಚ್ಚರ ಎಂದೂ ಹೇಳಲಿಲ್ಲ. ಥ್ಯಾಂಕ್ಯೂ ಸರ್ ಎನ್ನುವವಳ ಮೇಲೆ ಅವರಿಗೆ ಅಷ್ಟು ನಂಬಿಕೆ.

ಫೆಬ್ರವರಿ ೧೭, ಶನಿವಾರ

ಗಿರಗಾಂವಿನ ಆ ಪ್ರೆಸ್ಸು ಒಂದು ಗೋದಾಮಿನ ಹಿಂದೆ. ಅಚ್ಚಿನ ಮೊಳೆ ಜೋಡಿಸುವವನ ಹೆಸರು ದೂಜ, ಉಡುಪಿ ಕಡೆಯವನು, ನನ್ನ ಹೆಸರು ಕೇಳಿದವನೇ ಕನ್ನಡಕ್ಕೆ ತಿರುಗಿದ. ಟಿಪ್ಪಣಿಯ ಚೀಟಿ ಕೊಟ್ಟೆ. ಇಂಗ್ಲಿಷನ್ನು ಅಕ್ಷರ ಅಕ್ಷರ ಓದಿದ. ನಾನು ಬರೆದದ್ದು ಇಷ್ಟು:

'ಆಯಿ ಎಂದರೆ ಅಜ್ಜಿ. ಭಾಗವ್ವನ ಅಜ್ಜಿಯ ಹೆಸರು ರಾಚವ್ವ. ಬಗಲಲ್ಲಿದ್ದ ಕೂಸು ಭಾಗವ್ವನ ತಾಯಿ ಸಂಗವ್ವ. ಅವರು ಬಂದದ್ದು ಪ್ಲೇಗಿನ ವರ್ಷ. ಆದ್ದರಿಂದ ಈ ಲೇಖನದ ಮೂರನೆಯ ಭಾಗದ ವಾದ ನಿಲ್ಲುವುದಿಲ್ಲ. ಆಯಿ ಪದದ ಅರ್ಥವನ್ನು ಮೊದಲೇ ಬರೆಯದೆ ಬಿಟ್ಟದ್ದು ನನ್ನ ತಪ್ಪು. ಜಿ. ಎ. ಇಂಡಿ.'

"ಇದೆಂತ ಮಾರಾಯ್ರೆ?" ಎಂದ ದೂಜ. "ಮೇಲೆ ಒಂದು ಹೇಳ್ತದೆ, ಕೆಳಗೆ ಅದು ತಪ್ಪು ಅಂತ ಹೇಳ್ತದೆ. ಹೀಗೆ ಛಾಪ್ಲಿಕ್ಕುಂಟಾ?"

"ಉಂಟು."

"ನಿಮ್ಮ ಸಾಹೇಬ್ರಿಗೆ ಗೊತ್ತುಂಟಾ?"

"ಸೋಮವಾರ ಗೊತ್ತಾಗುತ್ತದೆ."

ಅವನು ನನ್ನನ್ನೊಮ್ಮೆ ನೋಡಿದ, ಗಡಿಯಾರವನ್ನೊಮ್ಮೆ ನೋಡಿದ. "ಸೋಮವಾರಕ್ಕೆ ಇದು ಬೈಂಡಿಂಗಿಗೆ ಹೋಗಿ ಆಯ್ತು. ಇದೊಂದು ಟಿಪ್ಪಣಿಗೆ ಎಂಟು ದಿನದಿಂದ ಮಿಷನ್ ಖಾಲಿ ಉಂಟು." ಕಂಪೋಸಿಂಗ್ ಕಡ್ಡಿ ಹಿಡಿದು ಮೊಳೆ ಜೋಡಿಸತೊಡಗಿದ. "ಮೇಲೆ ಎರಡು ಹೆಸರುಂಟು. ನಿಮ್ದು ಯಾವ್ದು?"

"ಎರಡನೆಯದು. ಅದನ್ನು ತೆಗೆದುಬಿಡಿ."

"ತೆಗೀಲಿಕ್ಕೆ? ಇಲ್ಲಿ ಬರುವವರು ಹೆಸರು ಹಾಕ್ಲಿಕ್ಕೆ ನನ್ನ ಕಾಲು ಹಿಡೀತಾರೆ!"

"ಆ ಲೇಖನ ತಪ್ಪು. ಟಿಪ್ಪಣಿಯ ಕೆಳಗೆ ಇದೆಯಲ್ಲ, ಸಾಕು."

ಚಿಮಟಿಗೆಯಿಂದ ಕಿತ್ತು ಖಾನೆಗೆ ಹಾಕಿದ. ಆಮೇಲೆ, ಈ ರಾಚವ್ವ ಅಂತ ಇಂಗ್ಲಿಷಿನಲ್ಲಿ ಹೇಗೆ, ವಿ ಒಂದೋ ಎರಡೋ ಎಂದು ಕೇಳಿದ. ನನಗೂ ತಕ್ಷಣ ಹೊಳೆಯಲಿಲ್ಲ. ಆ ಹೆಸರನ್ನು ಇಂಗ್ಲಿಷಿನಲ್ಲಿ ಇದುವರೆಗೆ ಯಾರೂ ಬರೆದಿರಲಿಕ್ಕಿಲ್ಲ. ಎರಡು ಎಂದೆ.

ಮಸಿ ಸವರಿ ಒಂದು ಪ್ರತಿ ಎತ್ತಿಕೊಟ್ಟ. ಒಂದೇ ವಿ ಬಿದ್ದಿತ್ತು.

"ಇರ್ಲಿ ಬಿಡಿ ಅಕ್ಕ," ಎಂದ, "ಇಷ್ಟು ಸಣ್ಣ ಅಕ್ಷರ, ಯಾರು ನೋಡ್ತಾರೆ?"

ತಿದ್ದಿ ಎಂದೆ. ಗೊಣಗಿದ. ಊಟದ ಹೊತ್ತಾಯಿತು ಎಂದ. ಅವನು ಕಟ್ಟು ಬಿಚ್ಚಿ ಇನ್ನೊಂದು ಮೊಳೆ ಕೂರಿಸುವವರೆಗೆ ಮೇಜು ಹಿಡಿದುಕೊಂಡು ಅಲ್ಲೇ ನಿಂತೆ.